ರಿಗ್ಗರ್ ಮರದ್ದೇ ಇರಲಿ

ಮನೆಯಲ್ಲೇ ಹುಟ್ಟು ಹಾಕುವ ದೋಣಿ ಕಟ್ಟಬೇಕೆಂದು ಆಸೆಪಟ್ಟು ನನ್ನ ಹತ್ತಿರ ಬರುವ ಹುಡುಗರಿಗೆ ಒಡಲಿನ ಬಗ್ಗೆ ಎಲ್ಲವೂ ಗೊತ್ತಿರುತ್ತದೆ. ಪ್ಲೈವುಡ್ ಹಲಗೆಗಳನ್ನು ಕತ್ತರಿಸಿ ತಾಮ್ರದ ತಂತಿಯಿಂದ ಹೊಲಿಯುವುದು, ಸಂದಿಗಳಿಗೆ ಎಪಾಕ್ಸಿ ತುಂಬುವುದು, ಮೇಲೆ ಗಾಜುನೂಲಿನ ಬಟ್ಟೆ ಹೊದಿಸುವುದು, ಇಷ್ಟನ್ನೂ ಫೋನಿನಲ್ಲಿ ನೋಡಿ ಕಲಿತಿರುತ್ತಾರೆ. ರಿಗ್ಗರ್ ಏನು ಮಾಡುತ್ತೀರಿ ಎಂದು ಕೇಳಿದಾಗ ಮಾತು ನಿಲ್ಲುತ್ತದೆ. ‘ಅದನ್ನು ಹೊರಗಿನಿಂದ ತರಿಸಬೇಕು ಸರ್, ಅಲ್ಯುಮಿನಿಯಂದು’ ಎನ್ನುತ್ತಾರೆ. ಅದರ ಬೆಲೆ, ಸಾಗಣೆ, ಸುಂಕ ಎಲ್ಲ ಕೂಡಿಸಿ ನೋಡುವಷ್ಟರಲ್ಲಿ ಮುಕ್ಕಾಲು ಕಟ್ಟಿದ ದೋಣಿ ಕೊಟ್ಟಿಗೆಯ ಮೂಲೆ ಸೇರಿರುತ್ತದೆ. ಈ ಬರಹ ಆ ಹುಡುಗರಿಗಾಗಿ, ಮತ್ತು ಅವರಿಗೆ ಕಲಿಸಬೇಕಾದ ನಮ್ಮ ಕರಾವಳಿಯ ಪಾಲಿಟೆಕ್ನಿಕ್ಕು, ಐಟಿಐಗಳಿಗಾಗಿ. ರಿಗ್ಗರನ್ನು ಮರದಲ್ಲಿ ಮಾಡಬಹುದು. ಇಲ್ಲೇ ಮಾಡಬಹುದು. ಉಪ್ಪುನೀರಿನಲ್ಲಿ ಓಡಿಸುವ ದೋಣಿಗಾದರೆ ಮರದ್ದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ರಿಗ್ಗರ್ ಎಂದರೆ ದೋಣಿಯ ಅಂಚಿನಿಂದ ಹೊರಕ್ಕೆ ಚಾಚಿದ ತೋಳು. ತುದಿಯಲ್ಲಿ ನೆಟ್ಟಗೆ ನಿಂತ ಒಂದು ಪಿನ್ನು, ಪಿನ್ನಿನ ಸುತ್ತ ತಿರುಗುವ ಗೇಟು, ಗೇಟಿನೊಳಗೆ ಹುಟ್ಟು. ನಮ್ಮ ಮೀನುಗಾರರ ಹಳೆಯ ದೋಣಿಗಳಲ್ಲಿ ಈ ತೋಳು ಇಲ್ಲ. ಅಂಚಿನ ಗೂಟಕ್ಕೆ ಹಗ್ಗದ ಕುಣಿಕೆ ಹಾಕಿ ಅದರೊಳಗೇ ಹುಟ್ಟನ್ನು ತೂರಿಸುತ್ತಾರೆ. ಆ ದೋಣಿಗಳು ಅಗಲ, ಆದ್ದರಿಂದ ಅದು ಸಾಕು. ದೋಣಿ ಸಪೂರವಾದಷ್ಟೂ ನೀರನ್ನು ಸೀಳಿಕೊಂಡು ಹೋಗುವುದು ಸಲೀಸು. ಆದರೆ ಅಂಚುಗಳು ಹತ್ತಿರವಾದಂತೆ ಗೂಟದಿಂದ ಕೈಯವರೆಗಿನ ಹುಟ್ಟಿನ ಒಳತುಂಡು ಮೊಟಕಾಗುತ್ತದೆ, ಎಳೆಯುವವನಿಗೆ ಸನ್ನೆಯ ಬಲ ಸಿಗುವುದಿಲ್ಲ. ಒಡಲು ಸಪೂರವಾಗಿಯೇ ಇರಲಿ, ಪಿನ್ನು ಮಾತ್ರ ದೂರ ಹೋಗಲಿ ಎಂಬ ಯೋಚನೆಯಿಂದ ಹುಟ್ಟಿದ್ದು ರಿಗ್ಗರ್. ಪಕ್ಕಕ್ಕೊಂದು ತೇಲುಮರ ಕಟ್ಟಿದ ದೋಣಿಗಳನ್ನು ಗೋಕರ್ಣ, ಕಾರವಾರದ ಕಡೆ ಕಂಡವರು ಇದೂ ಅದೇ ಇರಬೇಕು ಎಂದುಕೊಳ್ಳುತ್ತಾರೆ. ಅದರ ಕೆಲಸ ದೋಣಿ ಮಗುಚದಂತೆ ತಡೆಯುವುದು. ಇದರ ಕೆಲಸ ಸನ್ನೆಗೋಲಿಗೆ ಆನಿಕೆ ಕೊಡುವುದು.

ಅಳತೆ ಹೇಳುತ್ತೇನೆ. ಎರಡು ಕೈಗೆ ಎರಡು ಹುಟ್ಟು ಹಿಡಿದು ಒಬ್ಬನೇ ಓಡಿಸುವ ದೋಣಿಯಲ್ಲಿ ಹುಟ್ಟಿನ ಉದ್ದ ಸುಮಾರು 2.88 ಮೀಟರ್. ಅದರಲ್ಲಿ ಪಿನ್ನಿನಿಂದ ಒಳಕ್ಕೆ 88 ಸೆಂ.ಮೀ., ಉಳಿದ ಎರಡು ಮೀಟರ್ ಹೊರಕ್ಕೆ. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಸುಮಾರು 160 ಸೆಂ.ಮೀ. ಎರಡು ಒಳತುಂಡುಗಳನ್ನು ಕೂಡಿಸಿದರೆ 176 ಆಗುತ್ತದಲ್ಲ, ಆದ್ದರಿಂದ ಎಳೆಯುವಾಗ ನಡುವಿನಲ್ಲಿ ಎರಡು ಹಿಡಿಗಳು ಒಂದರ ಮೇಲೊಂದು ಹತ್ತಿರ ಹತ್ತಿರ ಒಂದು ಗೇಣು ಹಾಯುತ್ತವೆ. ಕೈಗೆ ಕೈ ತಾಗಬಾರದು ಎಂದು ಎಡಗೈಯ ಕಡೆಯ ಗೇಟನ್ನು ಬಲಗಡೆಯದಕ್ಕಿಂತ ಸುಮಾರು ಒಂದು ಸೆಂ.ಮೀ. ಎತ್ತರದಲ್ಲಿ ಕೂರಿಸುತ್ತಾರೆ. ನನ್ನ ದೋಣಿ ಅಂಚಿನಿಂದ ಅಂಚಿಗೆ 70 ಸೆಂ.ಮೀ. ಅಗಲ. ನಡುಗೆರೆಯಿಂದ ಪಿನ್ನು 80 ಸೆಂ.ಮೀ. ದೂರದಲ್ಲಿರಬೇಕಾದರೆ ಪ್ರತಿ ಬದಿಗೂ ರಿಗ್ಗರ್ 45 ಸೆಂ.ಮೀ. ಹೊರಚಾಚಬೇಕು. ಇಡೀ ಪ್ರಶ್ನೆ ಇರುವುದು ಈ 45 ಸೆಂ.ಮೀ. ಒಳಗೆ.

ಮರ ಇಷ್ಟು ಕೆಲಸ ತಾಳುತ್ತದೆಯೇ ಎಂದು ಕೇಳುವವರಿಗೆ ಮೊದಲು ಇತಿಹಾಸ ಹೇಳುತ್ತೇನೆ. ಇಂಗ್ಲೆಂಡಿನ ಈಶಾನ್ಯ ಮೂಲೆಯಲ್ಲಿ ಟೈನ್ ನದಿ ಇದೆ. ಕಲ್ಲಿದ್ದಲು, ಹಡಗು, ದೋಣಿಗಾರರ ನದಿ. ರಿಗ್ಗರಿನ ಮೊದಲ ಪ್ರಯೋಗಗಳು ನಡೆದದ್ದು ಅಲ್ಲಿ. 1828ರಲ್ಲಿ ಔಸ್‌ಬರ್ನಿನ ಆಂಟನಿ ಬ್ರೌನ್ ಎಂಬವರು ಮಾಡಿದ ಒರಟು ರಿಗ್ಗರುಗಳು ಮರದವು ಎಂದೇ ದೋಣಿ ಇತಿಹಾಸಕಾರರು ಹೇಳುತ್ತಾರೆ. ಕಬ್ಬಿಣ ಬಂದದ್ದು ಅದರ ನಂತರ. 1840ರ ದಶಕದಲ್ಲಿ ರಿಗ್ಗರನ್ನು ತಿದ್ದಿ ತೀಡಿ ಗೆಲ್ಲುವ ಸಾಧನವನ್ನಾಗಿ ಮಾಡಿದವರು ಅದೇ ನದಿಯ ಹ್ಯಾರಿ ಕ್ಲಾಸ್ಪರ್. ಹುಡುಗನಾಗಿ ಕಲ್ಲಿದ್ದಲು ಗಣಿಗೆ ಇಳಿದವರು, ಆಮೇಲೆ ಹಡಗು ಬಡಗಿಯ ಕೆಲಸ ಕಲಿತವರು, ತಮ್ಮಂದಿರನ್ನು ಕೂಡಿಸಿಕೊಂಡು ಪಂದ್ಯಕ್ಕೆ ಇಳಿದವರು. 1846ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ದೋಣಿ ಪಂದ್ಯದಲ್ಲೂ ರಿಗ್ಗರ್ ಕಾಣಿಸಿಕೊಂಡಿತು. ದುಡಿಯುವವರ ದೋಣಿಕಟ್ಟೆಯಲ್ಲಿ ಬೆಳೆದದ್ದನ್ನು ದೊಡ್ಡ ವಿದ್ಯಾಲಯಗಳು ಎತ್ತಿಕೊಂಡವು. ಈ ಕ್ರಮವನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಗಮನಿಸಬೇಕು ಎಂಬುದಕ್ಕೇ ಇದನ್ನು ಇಲ್ಲಿ ಎತ್ತಿದ್ದು.

ಈಗ ಲೆಕ್ಕ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಜೀವಮಾನ ಕಳೆದವನು ನಾನು, ಬಲದ ಲೆಕ್ಕ ಮಾಡದೆ ಮರಕ್ಕೆ ಉಳಿ ಇಡುವುದು ನನಗೆ ಒಗ್ಗದು. ಒಂದು ಕೈಯಲ್ಲಿ 30 ಕೆ.ಜಿ. ಬಲದಿಂದ ಎಳೆದರೆ ಹೊರತುದಿಯಲ್ಲಿ ನೀರು ಸುಮಾರು 14 ಕೆ.ಜಿ.ಯಷ್ಟು ತಡೆಯುತ್ತದೆ. ಇವೆರಡೂ ಒಂದೇ ದಿಕ್ಕಿಗೆ, ಅಂದರೆ ಹುಟ್ಟು ಹಾಕುವವನ ಬೆನ್ನಿನ ಕಡೆಗೆ, ಇರುವ ಬಲಗಳು. ಪಿನ್ನಿನ ಮೇಲೆ ಕೂಡಿ 44 ಕೆ.ಜಿ. ಬೀಳುತ್ತದೆ. ಕೈ ಎಳೆಯುವುದಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ದೋಣಿಯನ್ನು ಮುಂದಕ್ಕೆ ದಬ್ಬುವ ಬಲವೆಲ್ಲ ಈ ಪಿನ್ನಿನಿಂದ ತೋಳಿಗೆ, ತೋಳಿನಿಂದ ಒಡಲಿಗೆ ಇಳಿಯಬೇಕು.

ಒಂದೇ ಹಲಗೆಯನ್ನು ಚಾಚುವ ಬದಲು ಎರಡು ಕಾಲುಗಳ ತ್ರಿಕೋನ ಮಾಡಿದೆ. ಎರಡು ಕಾಲುಗಳೂ ಪಿನ್ನಿನ ಬಳಿ ಕೂಡುತ್ತವೆ, ಅಂಚಿನಲ್ಲಿ 60 ಸೆಂ.ಮೀ. ಅಂತರದಲ್ಲಿ ಕೂರುತ್ತವೆ. ಈ 44 ಕೆ.ಜಿ. ಆಗ ಒಂದು ಕಾಲನ್ನು ಎಳೆಯುತ್ತದೆ, ಇನ್ನೊಂದನ್ನು ಒತ್ತುತ್ತದೆ, ತಲಾ 40 ಕೆ.ಜಿ. ಲೆಕ್ಕದಲ್ಲಿ. 40 ಮಿ.ಮೀ.ಗೆ 25 ಮಿ.ಮೀ. ಪಟ್ಟಿ ಎಂದರೆ ಹತ್ತು ಚದರ ಸೆಂ.ಮೀ. ಮರ. ಚದರ ಸೆಂ.ಮೀ.ಗೆ ಬರೀ ನಾಲ್ಕು ಕೆ.ಜಿ. ಬಿತ್ತು. ಎಳೆ ಹರಿದ ದಿಕ್ಕಿನಲ್ಲಿ ಒಳ್ಳೆಯ ತೇಗವಾಗಲಿ ಹೆಬ್ಬಲಸಾಗಲಿ ಚದರ ಸೆಂ.ಮೀ.ಗೆ ನೂರಾರು ಕೆ.ಜಿ. ತಾಳುತ್ತದೆ. ಮರ ಮುರಿಯುತ್ತದೆ ಎಂಬ ಭಯಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಮೇಲೆ ಕೆಳಗೆ ಬಾಗುವುದು ಬೇರೆ ವಿಷಯ. ಹತ್ತುವಾಗ ಇಳಿಯುವಾಗ ಯಾರಾದರೂ ರಿಗ್ಗರಿನ ತುದಿಗೆ ಕೈಯೂರಿಯೇ ಊರುತ್ತಾರೆ, ಬೇಡವೆಂದರೂ ಊರುತ್ತಾರೆ. ಅದೇ ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿದರೆ, ಅಂದರೆ 40 ಮಿ.ಮೀ. ಮಗ್ಗುಲು ನೆಟ್ಟಗೆ ನಿಂತರೆ, ಬಾಗುವುದು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಮರ ಒಂದು ಚೂರೂ ಹೆಚ್ಚು ಬೇಕಿಲ್ಲ. ಎತ್ತರವನ್ನು ಇಮ್ಮಡಿ ಮಾಡಿದರೆ ಬಿಗಿ ಎಂಟು ಪಟ್ಟಾಗುತ್ತದೆ, ಏಕೆಂದರೆ ಎತ್ತರದ ಘನಕ್ಕೆ ತಕ್ಕಂತೆ ಅದು ಬೆಳೆಯುತ್ತದೆ. ಬಾಗಿಸುವ ಒತ್ತಡ ಅಂಚಿನ ಬಳಿ ಹೆಚ್ಚು, ಪಿನ್ನಿನ ಬಳಿಗೆ ಸೊನ್ನೆ. ಹಾಗಾಗಿ ಬುಡದಲ್ಲಿ 50 ಮಿ.ಮೀ. ಇಟ್ಟು ತುದಿಗೆ ಹೋಗುತ್ತಾ 30ಕ್ಕೆ ಕೀಸಿ ಇಳಿಸಿದೆವು. ತೂಕ ಉಳಿಯಿತು, ನೋಡುವುದಕ್ಕೂ ಚೆಂದವಾಯಿತು.

‘ಇಳಿಸಿದೆವು’ ಎಂದದ್ದು ನಾನು ಮತ್ತು ಆಚಾರ್ರು. ಗಂಗೊಳ್ಳಿಯ ಕಡೆ ಮರದ ದೋಣಿ ಕಟ್ಟುತ್ತಿದ್ದವರು ಅವರು. ಫೈಬರ್ ದೋಣಿ ಬಂದ ಮೇಲೆ ಬಾಗಿಲು, ಕಿಟಕಿ, ದೇವರ ಮಂಟಪಕ್ಕೆ ಕೈ ಹಾಕಿದ್ದಾರೆ. ನನ್ನ ಲೆಕ್ಕದ ಹಾಳೆಯನ್ನು ಅವರು ಪೂರ್ತಿ ಕೇಳಿದರು, ತಲೆಯಾಡಿಸಿದರು, ಆಮೇಲೆ ಬೆರಳನ್ನು ಬೋಲ್ಟಿನ ತೂತಿನ ಮೇಲಿಟ್ಟರು. ‘ಮರ ಮುರೂದಿಲ್ಲೆ ಮಾಸ್ಟ್ರೆ, ತೂತ್ ದೊಡ್ಡ ಆತ್ತ್’ ಎಂದರು.

ಮರದ ರಿಗ್ಗರಿನ ಬಗ್ಗೆ ತಿಳಿಯಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಮಾತಿನಲ್ಲಿದೆ. ತೋಳು ಸೋಲುವುದಿಲ್ಲ, ಕೂಡಿಕೆ ಸೋಲುತ್ತದೆ. ಪ್ರತಿ ಎಳೆತಕ್ಕೂ ಬೋಲ್ಟು ತೂತಿನ ಗೋಡೆಯನ್ನು ಒಂದು ಕೂದಲೆಳೆಯಷ್ಟು ಒತ್ತುತ್ತದೆ. ಒತ್ತಿದ ಜಾಗದಲ್ಲಿ ನೀರು ಇಳಿಯುತ್ತದೆ, ನೆನೆದ ಮರ ಮೆತ್ತಗಾಗುತ್ತದೆ, ಮೆತ್ತಗಾದದ್ದನ್ನು ಬೋಲ್ಟು ಇನ್ನಷ್ಟು ಒತ್ತುತ್ತದೆ. ಪಿನ್ನು ಅಲುಗಲು ಶುರುವಾದರೆ ಹುಟ್ಟಿನ ಅಲಗು ನೀರಿನಲ್ಲಿ ಒಮ್ಮೆ ಒಂದು ಕೋನ, ಮರುಕ್ಷಣ ಇನ್ನೊಂದು ಕೋನ. ಅಂಥ ದೋಣಿಯಲ್ಲಿ ಯಾರಿಗೂ ಹುಟ್ಟು ಹಾಕುವುದು ಕಲಿಸಲಾಗದು.

ಇದಕ್ಕೆ ಮದ್ದು ಇದೆ, ಕಷ್ಟದ್ದೇನಲ್ಲ. 13 ಮಿ.ಮೀ. ಬೋಲ್ಟು ಹೋಗಬೇಕಾದಲ್ಲಿ ಮೊದಲು 20 ಮಿ.ಮೀ. ತೂತು ಕೊರೆಯಬೇಕು. ಒಳಗೋಡೆಗೆ ತೆಳು ಎಪಾಕ್ಸಿ ಬಳಿದು, ಅದು ಎಳೆಗಳೊಳಗೆ ಇಂಗಿದ ಮೇಲೆ, ನಯವಾದ ಮರದ ಹುಡಿ ಕಲಸಿದ ಗಟ್ಟಿ ಎಪಾಕ್ಸಿಯನ್ನು ತೂತಿನ ತುಂಬ ತುಂಬಬೇಕು. ಗಟ್ಟಿಯಾದ ಮೇಲೆ ಅದರ ನಟ್ಟನಡುವೆ 13 ಮಿ.ಮೀ. ತೂತು. ಈಗ ಬೋಲ್ಟು ಮರವನ್ನು ಮುಟ್ಟುವುದೇ ಇಲ್ಲ, ಕಲ್ಲಿನಂಥ ಕೊಳವೆಯೊಳಗೆ ಕೂರುತ್ತದೆ, ನೀರಿಗೂ ದಾರಿಯಿಲ್ಲ. ಎರಡು ಕಾಲು ಕೂಡುವ ಮೂತಿಗೆ ಮೇಲೊಂದು ಕೆಳಗೊಂದು 9 ಮಿ.ಮೀ. ಮರೀನ್ ಪ್ಲೈಯ ಕೆನ್ನೆ ಅಂಟಿಸಿ, ಅದರ ಮೇಲೆ 3 ಮಿ.ಮೀ. ಸ್ಟೇನ್‌ಲೆಸ್ ತಗಡು ಇಡಬೇಕು. ಪಿನ್ನು ಅರ್ಧ ಇಂಚಿನ ಸ್ಟೇನ್‌ಲೆಸ್ ಸರಳು. ಊರಿನ ಲೇತಿನಲ್ಲಿ ಅದಕ್ಕೆ ತಿರುಪು ಕೊರೆದು ಕೊಡುತ್ತಾರೆ. ಸಮುದ್ರದ ಗಾಳಿ ಇರುವಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಕಂದು ಕಲೆ ಹಿಡಿಯುತ್ತದೆ, ಕೇಳಿ 316 ತರಬೇಕು.

ಇನ್ನು ಕಾಲಿನ ವಕ್ರ. ಪಿನ್ನಿನ ಬುಡ ಅಂಚಿಗಿಂತ ಸುಮಾರು 10 ಸೆಂ.ಮೀ. ಮೇಲಿರಬೇಕಾಗುತ್ತದೆ, ಇಲ್ಲದಿದ್ದರೆ ಹಿಡಿ ತೊಡೆಗೆ ತಾಗುತ್ತದೆ. ಆದ್ದರಿಂದ ಕಾಲು ಮೇಲಕ್ಕೆ ಬಾಗಿ ಹೋಗಬೇಕು. ದಪ್ಪ ಹಲಗೆಯಿಂದ ಬಾಗಿದ ಆಕಾರ ಕತ್ತರಿಸಿ ತೆಗೆಯುವ ಆಸೆ ಬೇಡ. ಬಾಗಿದಲ್ಲಿ ಎಳೆ ಅಡ್ಡ ಕತ್ತರಿಸಿ ಹೋಗಿರುತ್ತದೆ, ಮರ ಸೀಳುವುದು ಅಲ್ಲೇ. 5 ಮಿ.ಮೀ. ದಪ್ಪದ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ನಡುವೆ ಎಪಾಕ್ಸಿ ಬಳಿದು, ವಕ್ರದ ಅಚ್ಚಾದ ಫಾರ್ಮಾಕ್ಕೆ ಬಗ್ಗಿಸಿ ಕ್ಲಾಂಪು ಹಾಕಿದರೆ ಎಳೆ ಬುಡದಿಂದ ತುದಿಯವರೆಗೆ ತುಂಡಾಗದೆ ವಕ್ರದ ಜೊತೆಗೇ ಹರಿಯುತ್ತದೆ. ನಾವು ಬಳಸಿದ್ದು ಹೆಬ್ಬಲಸು. ಪಶ್ಚಿಮ ಕರಾವಳಿಯ ದೋಣಿಗಳ ಹಳೆಯ ಮರ ಅದು, ಬಳುಕುತ್ತದೆ, ನೀರಿಗೆ ಹೆದರುವುದಿಲ್ಲ. ಪಟ್ಟಿ ಆರಿಸುವಾಗ ಆಚಾರ್ರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆಳ್ಳೆ ಭಾಗ ಬೇಡ, ಚೇಗಿನದ್ದೇ ಬೇಕು. ಸೂಜಿಮೊನೆಯಷ್ಟು ಗಂಟಿದ್ದರೂ ಆ ಪಟ್ಟಿ ಒಲೆಗೆ. ತೇಗವೇ ಶ್ರೇಷ್ಠ ಎಂದು ನಂಬಿದವರಿಗೆ ಒಂದು ಎಚ್ಚರಿಕೆ: ತೇಗದೊಳಗೆ ಎಣ್ಣೆಯಂಶ ಇದೆ, ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಅಂಟುವ ಮುಖವನ್ನು ಅಸಿಟೋನಿನಿಂದ ಒರೆಸಿ, ಆರಿದ ಕೂಡಲೇ ಅಂಟಿಸಬೇಕು.

ಫೆವಿಕಾಲಿನ ಅಭ್ಯಾಸ ಇರುವ ಕೈಗೆ ಇನ್ನೊಂದು ಮಾತು ಹೇಳಲೇಬೇಕು. ಮರದ ಅಂಟಿಗೆ ಕ್ಲಾಂಪನ್ನು ಚೆನ್ನಾಗಿ ಬಿಗಿದರೆ ಒಳ್ಳೆಯದು, ಎಪಾಕ್ಸಿಗೆ ಹಾಗಲ್ಲ. ತೀರಾ ಬಿಗಿದರೆ ಅಂಟೆಲ್ಲ ಹೊರಬಂದು ಸಂದಿ ಒಣಗಿ ನಿಲ್ಲುತ್ತದೆ. ಅಂಚಿನುದ್ದಕ್ಕೂ ಸಣ್ಣ ಮಣಿಗಳಂತೆ ಅಂಟು ಇಣುಕಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಈ ಕೆಲಸ ಮುಟ್ಟಬಾರದು. ಗಾಳಿಯ ತೇವಕ್ಕೆ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಏಳುತ್ತದೆ, ಮುಂದಿನ ಪದರ ಅದಕ್ಕೆ ಕೂರುವುದಿಲ್ಲ. ಬಿಸಿಲೂ ಎಪಾಕ್ಸಿಗೆ ಶತ್ರುವೇ. ಮೇಲೆ ಒಳ್ಳೆಯ ವಾರ್ನಿಶ್ ಇರದಿದ್ದರೆ ಅದು ಹಳದಿಗಟ್ಟಿ ಪುಡಿಯಾಗುತ್ತದೆ. ಪ್ಲೈ ಕೊಳ್ಳುವಾಗ ಹಲಗೆಯ ಮೇಲೆ ಐಎಸ್ 710 ಮುದ್ರೆ ಇದೆಯೇ ನೋಡಿ. ಆ ದರ್ಜೆಯ ತುಂಡನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಪದರ ಬಿಡಬಾರದು ಎಂಬುದು ನಿಯಮ. ಅಡುಗೆಮನೆಯ ಕಪಾಟಿಗೆಂದು ಕೊಡುವ ಅಗ್ಗದ ಹಲಗೆ ದೋಣಿಗೆ ಆಗದು.

ಕೂರಿಸುವ ಕೆಲಸಕ್ಕೆ ಬರುತ್ತೇನೆ. ನನಗೆ ಅತಿ ಪ್ರೀತಿಯ ಭಾಗ ಇದು, ಎಲ್ಲರೂ ಅವಸರ ಮಾಡುವ ಭಾಗವೂ ಇದೇ. ದೋಣಿಯನ್ನು ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ರಸಮಟ್ಟ ಇಟ್ಟು ಸಮ ಮಾಡಬೇಕು. ಮುಂಗೋಟಿನಿಂದ ಹಿಂಗೋಟಿಗೆ ನಡುವಿನಲ್ಲಿ ದಾರ ಎಳೆಯಬೇಕು. ಪಿನ್ನಿನಿಂದ ಪಿನ್ನಿಗೆ 160 ಬಂತೆಂದು ಸಮಾಧಾನ ಪಡುವವರಿದ್ದಾರೆ. ಒಂದು ಕಡೆ 78, ಇನ್ನೊಂದು ಕಡೆ 82 ಇದ್ದರೂ 160 ಬರುತ್ತದೆಯಲ್ಲ? ದಾರದಿಂದ ಒಂದೊಂದು ಪಿನ್ನಿಗೂ ಪ್ರತ್ಯೇಕ ಅಳೆಯಬೇಕು. ಆಮೇಲೆ ಮುಂಗೋಟಿನ ತುದಿಯಿಂದ ಎರಡು ಪಿನ್ನುಗಳಿಗೂ ಓರೆಯಾಗಿ ಅಳೆದು ಎರಡೂ ಸಮ ಇವೆಯೇ ನೋಡಬೇಕು. ಗಾರೆಯವರು ಮನೆಯ ಪಾಯದಲ್ಲಿ ಮೂಲೆಯಿಂದ ಮೂಲೆಗೆ ನೂಲು ಹಿಡಿಯುವುದು ಇದೇ ಕಾರಣಕ್ಕೆ. ‘ಕಣ್ಣಿಗೆ ಸಮ ಕಾಣತ್ತ್, ದಾರ ಹಿಡ್ದ್ ಕಾಂಬ’ ಎನ್ನುತ್ತಿದ್ದರು ಆಚಾರ್ರು, ಪ್ರತಿ ಹಂತದಲ್ಲೂ. ಅವರ ಕಣ್ಣು ತಪ್ಪಿದ್ದನ್ನು ನಾನು ಕಾಣೆ. ಆದರೂ ದಾರ ಹಿಡಿಯದೆ ಅವರು ಒಂದು ತೂತೂ ಕೊರೆಯಲಿಲ್ಲ.

ಕೂರುವ ಹಲಗೆಯಿಂದ ಗೇಟಿನ ತಳಕ್ಕೆ 16 ಸೆಂ.ಮೀ. ಆಸುಪಾಸು ಎತ್ತರ ಸಾಮಾನ್ಯ. ಕುಳ್ಳಗಿನವರಿಗೆ ಒಂದೆರಡು ಕಡಿಮೆ, ನೀರು ಕೆದರಿದ ಅಳಿವೆಯಲ್ಲಿ ಒಂದೆರಡು ಹೆಚ್ಚು. ಕಾಲುಗಳ ಬುಡ ಅಂಚಿನ ಮೇಲೆ ನೇರವಾಗಿ ಕೂರಬಾರದು. ಕೆಳಗೆ ಗಟ್ಟಿಮರದ ಹಾಸು, ಅದರ ಕೆಳಗೆ ಒಡಲಿಗೆ ಅಡ್ಡವಾಗಿ ಅಂಟಿಸಿದ ಪ್ಲೈ ಗೋಡೆ ಇರಬೇಕು. ಇಲ್ಲದಿದ್ದರೆ ರಿಗ್ಗರ್ ಉಳಿದು ಅಂಚು ಕಿತ್ತು ಬರುತ್ತದೆ. ಸ್ಕ್ರೂ ಬೇಡವೇ ಬೇಡ, ಆರಪಾರ ಹೋಗುವ 8 ಮಿ.ಮೀ. ಬೋಲ್ಟು, ಅಗಲದ ವಾಷರು. ಬಿಚ್ಚಿ ಜೋಡಿಸುವಂತಿದ್ದರೆ ದೋಣಿಯನ್ನು ಗೂಡ್ಸ್ ಆಟೋದ ಮೇಲೆ ಸಾಗಿಸಬಹುದು. ಇಷ್ಟೆಲ್ಲ ಮಾಡುವ ಮುಂಚೆ ಅಗ್ಗದ ಪ್ಲೈಯಲ್ಲೊಂದು ಮಾದರಿ ಕತ್ತರಿಸಿ, ಕ್ಲಾಂಪು ಹಾಕಿ ನಿಲ್ಲಿಸಿ, ಹುಟ್ಟು ಹಿಡಿದು ಕೂತು ನೋಡಿ. ಮೊಣಕಾಲಿಗೆ ತಾಗುತ್ತದೋ, ಕೈ ಎಲ್ಲಿ ಹಾಯುತ್ತದೋ ಅಲ್ಲೇ ತಿಳಿಯುತ್ತದೆ.

ಕೊನೆಗೆ ಉಳಿಯುವುದು ಕೋನ. ಹುಟ್ಟಿನ ಅಲಗು ನೀರಿನೊಳಗೆ ಲಂಬವಾಗಿ ನಿಲ್ಲುವುದಿಲ್ಲ, ನಾಲ್ಕೈದು ಡಿಗ್ರಿಯಷ್ಟು ಓರೆ ಇರಬೇಕು. ಕೋನ ಕಡಿಮೆಯಾದರೆ ಎಳೆದಾಗ ಅಲಗು ಆಳಕ್ಕೆ ಧುಮುಕುತ್ತದೆ. ಹೆಚ್ಚಾದರೆ ಮೇಲಕ್ಕೆ ಜಾರಿ ನೊರೆ ಎಬ್ಬಿಸುತ್ತದೆ. ಪಿನ್ನನ್ನು ನೆಟ್ಟಗೇ ನಿಲ್ಲಿಸಿ, ಕೋನವನ್ನು ಗೇಟಿನೊಳಗಿನ ಮುಖದಲ್ಲಿ ಕೊಡುವುದು ಒಳ್ಳೆಯ ಕ್ರಮ. ಮೀನು ಕೊಯ್ಯುವ ದಪ್ಪ ಪ್ಲಾಸ್ಟಿಕ್ ಮಣೆ ಇದೆಯಲ್ಲ, ಎಚ್‌ಡಿಪಿಇದ್ದು, ಅದರ ತುಂಡಿನಿಂದ ಗೇಟು ಕೆತ್ತಿಸಬಹುದು. ನೀರು ಕುಡಿಯುವುದಿಲ್ಲ, ಪಿನ್ನಿನ ಸುತ್ತ ಎಣ್ಣೆಯಿಲ್ಲದೆ ತಿರುಗುತ್ತದೆ. ನೈಲಾನ್ ಬೇಡ, ಅದು ನೀರು ಹೀರಿ ಉಬ್ಬುತ್ತದೆ.

ಅಲ್ಯುಮಿನಿಯಂ ಹಗುರ, ಅಚ್ಚುಕಟ್ಟು. ಸಿಹಿನೀರಿನ ಕೆರೆಯಲ್ಲಿ, ಪಂದ್ಯಕ್ಕೆಂದೇ ಓಡಿಸುವವರಿಗೆ ಅದರ ಬಗ್ಗೆ ನನ್ನ ತಕರಾರಿಲ್ಲ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಅಭ್ಯಾಸ ಮಾಡುವುದನ್ನು ನಿಂತು ನೋಡಿದ್ದೇನೆ, ಆ ದೋಣಿಗಳ ವೇಗವೇ ಬೇರೆ. ನಮ್ಮದು ಪಂಚಗಂಗಾವಳಿಯ ಅಳಿವೆ. ಉಬ್ಬರದಲ್ಲಿ ಕಡಲೇ ಒಳಗೆ ಬರುತ್ತದೆ. ಉಪ್ಪುನೀರಿನಲ್ಲಿ ಅಲ್ಯುಮಿನಿಯಮ್ಮಿಗೆ ಸ್ಟೇನ್‌ಲೆಸ್ ಬೋಲ್ಟು ತಾಗಿಕೊಂಡಿದ್ದರೆ ಅವೆರಡರ ನಡುವೆ ಬ್ಯಾಟರಿಯೊಳಗಿನ ಕ್ರಿಯೆಯೇ ನಡೆದು ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬೆಸುಗೆಯಲ್ಲಿ ಬಿರುಕು ಬಿಟ್ಟರೆ ಅದಕ್ಕೆ ಆರ್ಗಾನ್ ಬೆಸುಗೆ ಬಲ್ಲವರನ್ನು ಹುಡುಕಿ ಹೋಗಬೇಕು. ಮರದ ರಿಗ್ಗರ್ ಸೀಳಿದರೆ ಕೊಟ್ಟಿಗೆಯಲ್ಲೇ ಅಂಟು ತುಂಬಿ ಕ್ಲಾಂಪು ಹಾಕಿದರೆ ಮರುದಿನ ಗಟ್ಟಿ. ಸೋಲುವ ಮುಂಚೆ ಮರ ಹೇಳಿಯೇ ಸೋಲುತ್ತದೆ, ಕಿರುಗುಟ್ಟುತ್ತದೆ, ವಾರ್ನಿಶ್ ಮೇಲೆ ಬಿಳಿ ಗೆರೆ ಮೂಡುತ್ತದೆ. ಲೋಹದ ದಣಿವು ಕಣ್ಣಿಗೆ ಕಾಣುವಾಗ ತಡವಾಗಿರುತ್ತದೆ.

ಮರ ಭಾರ ಎನ್ನುವ ಆಕ್ಷೇಪಣೆಗೆ ಉತ್ತರ ಕೊಡಬೇಕು. ಭಾರ ಹೌದು, ಅಲ್ಯುಮಿನಿಯಂ ಕೊಳವೆಗಿಂತ ಸ್ವಲ್ಪ ಭಾರ. ಒಬ್ಬರ ಪಂದ್ಯದ ದೋಣಿಗೆ ಅಂತರರಾಷ್ಟ್ರೀಯ ನಿಯಮದ ಕನಿಷ್ಠ ತೂಕ 14 ಕೆ.ಜಿ., ಅಲ್ಲಿ ನೂರು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಕಡಲ ಹುಟ್ಟಿನಾಟದ ದೋಣಿ ಬೇರೆ ಜಾತಿ: ಒಬ್ಬರದ್ದಕ್ಕೆ ಉದ್ದ ಗರಿಷ್ಠ 6 ಮೀಟರ್, ತೂಕ ಕನಿಷ್ಠ 35 ಕೆ.ಜಿ. ಈ ಮಿತಿಯೊಳಗೆ ಮರಕ್ಕೂ ಪ್ಲೈಗೂ ಧಾರಾಳ ಜಾಗವಿದೆ. ಈ ಆಟ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೀಚ್ ಸ್ಪ್ರಿಂಟ್ ಎಂಬ ಹೆಸರಿನಲ್ಲಿ ಮೊದಲ ಸಲ ಸೇರುತ್ತಿದೆ. ದಡದ ಮರಳಿನಲ್ಲಿ ಓಡಿ ದೋಣಿ ಹತ್ತಿ, 250 ಮೀಟರ್ ಕಡಲಿಗೆ ಹೋಗಿ, ತಿರುಗಿ ಬಂದು, ಮತ್ತೆ ಓಡುವ ಆಟ. ಅಲೆ ಓದಲು ಬಲ್ಲ ಮಕ್ಕಳ ಆಟ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ಸ್ಪರ್ಧೆಯಲ್ಲಿ ಭಾರತ ಚಿನ್ನ ಗೆದ್ದಿತು. ಆ ನಾಲ್ವರೂ ಸೇನೆಯವರು. ಅವರಲ್ಲೊಬ್ಬರಾದ ದತ್ತು ಭೋಕನಳ್ ಮಹಾರಾಷ್ಟ್ರದ ಬರದ ಸೀಮೆಯಲ್ಲಿ ಬಾವಿ ತೋಡುತ್ತಿದ್ದವರು, ಸೇನೆಗೆ ಸೇರಿದ ಮೇಲೆಯೇ ದೋಣಿ ಮುಟ್ಟಿದವರು. ಮುನ್ನೂರು ಕಿ.ಮೀ. ಮೀರಿದ ಕರಾವಳಿಯ ನಮ್ಮ ಮಕ್ಕಳಿಗೆ, ಮನೆಯ ಹಿತ್ತಿಲಲ್ಲೇ ನೀರಿರುವ ಕುದ್ರುಗಳ ಮಕ್ಕಳಿಗೆ, ಮುಟ್ಟಿ ಕಲಿಯಲು ದೋಣಿ ಸಿಗಬೇಕು. ಅದು ಹಡಗಿನ ಪೆಟ್ಟಿಗೆಯಲ್ಲಿ ಬರುವವರೆಗೆ ಕಾಯುವುದು ನನಗೆ ಸರಿ ಕಾಣುವುದಿಲ್ಲ.

ಊರೇ ಸೇರಿ ದೋಣಿ ಕಟ್ಟಿದ ಉದಾಹರಣೆ ಬೇಕಿದ್ದರೆ ಸ್ಕಾಟ್ಲೆಂಡ್ ಇದೆ. 2009ರ ಹೊತ್ತಿಗೆ ಆನ್‌ಸ್ಟ್ರದರ್ ಎಂಬ ಊರಿನ ಮೀನುಗಾರಿಕಾ ವಸ್ತುಸಂಗ್ರಹಾಲಯ ಇಯಾನ್ ಊಟ್ರೆಡ್ ಎಂಬ ವಿನ್ಯಾಸಕಾರರಿಂದ ನಾಲ್ಕು ಹುಟ್ಟಿನ 22 ಅಡಿಯ ಪ್ಲೈವುಡ್ ದೋಣಿಯೊಂದರ ವಿನ್ಯಾಸ ಮಾಡಿಸಿತು. ಕತ್ತರಿಸಿದ ಹಲಗೆಗಳನ್ನು ತರಿಸಿಕೊಂಡು ಊರಿನವರು ಶಾಲೆ, ಕೊಟ್ಟಿಗೆಗಳಲ್ಲಿ ತಾವೇ ಕಟ್ಟಬೇಕು, ಹುಟ್ಟುಗಳನ್ನೂ ತಾವೇ ಮಾಡಿಕೊಳ್ಳಬೇಕು. ಕರಾವಳಿಯುದ್ದಕ್ಕೂ ಹಳ್ಳಿಗಳು ಕಟ್ಟಿದವು. 2013ರಲ್ಲಿ ಅಲ್ಲಾಪೂಲ್‌ನಲ್ಲಿ ಅದೇ ಬಗೆಯ ದೋಣಿಗಳ ವಿಶ್ವ ಕೂಟವೂ ನಡೆಯಿತು. ಆ ದೋಣಿಗೆ ರಿಗ್ಗರ್ ಇಲ್ಲ, ಅಗಲವಾದದ್ದು. ನಾನು ಅದನ್ನು ಹೇಳಿದ್ದು ಕೆಲಸದ ಕ್ರಮಕ್ಕಾಗಿ. ಕಟ್ಟಿದವರೇ ಓಡಿಸುತ್ತಾರೆ, ಓಡಿಸುವವರಿಗೆ ರಿಪೇರಿ ಗೊತ್ತಿರುತ್ತದೆ, ಹಿರಿಯ ಬಡಗಿ ಒಬ್ಬರು ಜೊತೆಗಿರುತ್ತಾರೆ.

ನಮ್ಮ ಕರಾವಳಿಯ ಐಟಿಐ, ಪಾಲಿಟೆಕ್ನಿಕ್ಕುಗಳಲ್ಲಿ ವರ್ಕ್‌ಶಾಪ್ ಇದೆ, ಡ್ರಿಲ್ಲಿಂಗ್ ಮೆಶಿನ್ ಇದೆ, ಲೇತ್ ಇದೆ. ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಕೆಲಸವೂ ಇರುತ್ತದೆ. ಆ ಪ್ರಾಜೆಕ್ಟುಗಳಲ್ಲಿ ಹಲವು ಪರೀಕ್ಷೆಯ ಮರುದಿನ ಗುಜರಿಗೆ ಹೋಗುವುದನ್ನು ಕಂಡು ನೊಂದಿದ್ದೇನೆ. ಒಂದು ಜೊತೆ ಮರದ ರಿಗ್ಗರಿನಲ್ಲಿ ಬಲದ ಲೆಕ್ಕ, ಅಂಟಿನ ರಸಾಯನ, ಲೋಹದ ಸವೆತ, ಕೋನ, ಅಳತೆ ಎಲ್ಲವೂ ಇದೆ, ಕೊನೆಗೆ ಅದನ್ನು ನೀರಿಗೆ ಇಳಿಸಿ ಮೈಯಲ್ಲೇ ಪರೀಕ್ಷಿಸಬಹುದು. ನಮ್ಮ ಮರಗಳ ಗುಣ ಅಳೆಯುವ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲೇ ಇದೆ. ಹೆಬ್ಬಲಸಿನ ಪಟ್ಟಿ ಅಂಟಿಸಿ ಮಾಡಿದ ತೋಳನ್ನು ಅಲ್ಲಿಗೆ ಒಯ್ದು ಮುರಿಯುವವರೆಗೆ ಬಗ್ಗಿಸಿ ನೋಡುವ ವಿದ್ಯಾರ್ಥಿ ಬೇಕು. ದೋಣಿ ಕಟ್ಟಿದ ಆಚಾರ್ರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರನ್ನು ಕಾಲೇಜಿಗೆ ಕರೆಯಬೇಕು, ಉಪನ್ಯಾಸಕರಿಗೆ ಕೊಡುವ ಸಂಭಾವನೆಯನ್ನೇ ಕೊಡಬೇಕು. ಬಾಗಿಲ ಚೌಕಟ್ಟಿನ ದಿನಗೂಲಿಯ ಲೆಕ್ಕದಲ್ಲಿ ಅವರನ್ನು ಕರೆದರೆ ನಾನು ಅದನ್ನು ವಿರೋಧಿಸುತ್ತೇನೆ. ಎಪ್ಪತ್ತು ದಾಟಿದವರು ಅವರಲ್ಲಿ ಹಲವರು, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಕ್ರೀಡಾ ಇಲಾಖೆ ಜಲಕ್ರೀಡೆಗೆ ದೋಣಿ ಕೊಳ್ಳುವಾಗ ಕೆಲವನ್ನಾದರೂ ಹೀಗೆ ಕಟ್ಟಿದವರಿಂದ ಕೊಳ್ಳಲಿ.

ಮಕ್ಕಳನ್ನು ಮನೆಯಲ್ಲಿ ಕಟ್ಟಿದ ದೋಣಿಯಲ್ಲಿ ನೀರಿಗೆ ಬಿಡುವುದು ಅಪಾಯವಲ್ಲವೇ ಎಂದು ತಾಯಂದಿರು ಕೇಳುತ್ತಾರೆ, ಕೇಳಲೇಬೇಕು. ಮುಂಗೋಟು ಹಿಂಗೋಟಿನಲ್ಲಿ ಗಾಳಿ ತುಂಬಿದ ಮುಚ್ಚಿದ ಕೋಣೆಗಳಿರಲಿ. ಮಗುಚಿದರೂ ದೋಣಿ ತೇಲುತ್ತದೆ, ಹಿಡಿದು ನಿಲ್ಲಬಹುದು. ಲೈಫ್ ಜಾಕೆಟ್ ಇಲ್ಲದೆ ಯಾರೂ ಹತ್ತಕೂಡದು. ಇಳಿತದ ಹೊತ್ತಿನಲ್ಲಿ ಅಳಿವೆಬಾಯಿಯ ಕಡೆ ಹೋಗಕೂಡದು. ಮೊದಲು ಈಜು, ಆಮೇಲೆ ಹುಟ್ಟು. ರಿಗ್ಗರಿನ ಬೋಲ್ಟುಗಳನ್ನು ಪ್ರತಿ ಸಲ ನೀರಿಗಿಳಿಯುವ ಮುಂಚೆ ಹುಡುಗರೇ ಸ್ಪಾನರ್ ಹಿಡಿದು ಮುಟ್ಟಿ ನೋಡಲಿ, ಗೇಟನ್ನು ಹಿಡಿದು ಅಲುಗಾಡಿಸಿ ನೋಡಲಿ. ಅಲುಗಿದರೆ ಅವತ್ತು ದೋಣಿ ದಡದಲ್ಲೇ.

ನಮ್ಮ ರಿಗ್ಗರಿನ ನಕ್ಷೆ, ಫಾರ್ಮಾದ ಅಳತೆ, ತೂತಿನ ಕ್ರಮ ಎಲ್ಲವನ್ನೂ ದೊಡ್ಡ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಯಾವ ಕಾಲೇಜು ಕೇಳಿದರೂ ಕೊಡುತ್ತೇನೆ, ಹಣ ಬೇಡ. ಆಚಾರ್ರನ್ನು ಕೇಳಿದ್ದೇನೆ, ಬರಲು ಒಪ್ಪಿದ್ದಾರೆ. ಡಿಸೆಂಬರ್‌ಗೆ ಗಾಳಿಯ ತೇವ ಇಳಿಯುತ್ತದೆ. ಮರವನ್ನು ಈಗಲೇ ಸೀಳಿಸಿ, ಪಟ್ಟಿಗಳ ನಡುವೆ ಸಣ್ಣ ಸಣ್ಣ ಕಡ್ಡಿ ಕೊಟ್ಟು, ನೆರಳಿನಲ್ಲಿ ಅಡಕಿ ಒಣಗಲು ಇಟ್ಟರೆ ಆ ಹೊತ್ತಿಗೆ ಅಂಟಿಸಲು ಸಿದ್ಧವಾಗಿರುತ್ತದೆ.